ಬೂದಿನೀರು, ಮೀನೆಣ್ಣೆ ಮತ್ತು ಭಾವನ ಜಲಯಾತ್ರೆ

ನಾನು ಮೊದಲ ಸಲ ಊರು ಬಿಟ್ಟದ್ದು ಒಂದು ಬುಧವಾರ. ಬಿಜೂರಿನ ಶಾಲೆಯಲ್ಲಿ ಐದನೇ ಕ್ಲಾಸು, ಲೆಕ್ಕದ ಪಾಠ ನಡೆಯುತ್ತಿತ್ತು. "ನೀರ್ ಕುಡ್ದ್ ಬತ್ತೆ ಮಾಸ್ಟ್ರೆ" ಎಂದು ಹೊರಬಿದ್ದವನು ಭಟ್ಕಳದ ದಾರಿ ಹಿಡಿದೆ. ನೀರು ಕುಡಿದದ್ದು ಬೊಂಬಾಯಿಯಲ್ಲಿ. ಅಲ್ಲಿಂದ ಮುಂದೆ ನಾನು ಒಂದು ಊರಿನಲ್ಲಿ ಎರಡು ಮಳೆಗಾಲ ಕಂಡದ್ದಿಲ್ಲ. ಕೆಲವರ ಮನೆಗೆ ನಗೆಪಾಟಲು ವರ್ಷಕ್ಕೊಮ್ಮೆ ನೆಂಟರ ಹಾಗೆ ಬಂದು ಹೋಗುತ್ತದೆ. ನನಗೆ ಮನೆಯೇ ಇಲ್ಲವಾದ್ದರಿಂದ ಅದು ಅಂಚೆಯವನ ಹಾಗೆ ಊರೂರು ವಿಳಾಸ ಕೇಳಿಕೊಂಡು ಹಿಂದೆಯೇ ಬರುತ್ತದೆ. ಎಲ್ಲ ಹೇಳಲು ಹೋದರೆ ಕಾಗದ ಸಾಲದು. ಲಡಾಯಿಯ ಕಾಲದಲ್ಲಿ ಸಾಬೂನು ಮಾಡಲು ಹೊರಟು ಆದ ಫಜೀತಿಗಳನ್ನಷ್ಟೇ ಹೇಳುತ್ತೇನೆ.

ಆಗ ಅಂಗಡಿಯಲ್ಲಿ ಸಾಬೂನು ಇರಲಿಲ್ಲ. ಸೀಮೆಎಣ್ಣೆ ಇರಲಿಲ್ಲ, ಸಕ್ಕರೆ ಇರಲಿಲ್ಲ. ಬಸ್ಸೂ ಪೆಟ್ರೋಲಿಲ್ಲದೆ ಹಿಂದೆ ಇದ್ದಿಲ ಒಲೆ ಕಟ್ಟಿಕೊಂಡು ಕೆಮ್ಮುತ್ತ ಓಡುತ್ತಿತ್ತು. ಅಂಥ ಒಂದು ಬಸ್ಸಿನಲ್ಲಿ ಮುಖವೆಲ್ಲ ಮಸಿಯಾಗಿ ನಾನು ಹಟ್ಟಿಯಂಗಡಿಯ ಅಕ್ಕನ ಮನೆಗೆ ಬಂದೆ. ನಮಗೆ ಅಪ್ಪ ಅಮ್ಮ ಇಲ್ಲ. ನನಗೆ ಅಕ್ಕ, ಅಕ್ಕನಿಗೆ ನಾನು, ಇಷ್ಟೇ ಲೆಕ್ಕ. ಭಾವ ಪುರೋಹಿತರು. ಹತ್ತೂರಿಗೆ ಮುಹೂರ್ತ ಇಟ್ಟುಕೊಡುವವರು. ಅವರ ಬಾಯಿಂದ ನಗು ಬರಬೇಕಾದರೆ ಅದಕ್ಕೂ ಪಂಚಾಂಗ ನೋಡಬೇಕಿತ್ತು.

ಊಟಕ್ಕೆ ಕೂತಾಗ ಭಾವ ಕೇಳಿದರು. "ಬೊಂಬಾಯಿಯಂಗೆ ಎಂತ ಮಾಡ್ಕಂಡಿದ್ದೆ ಮಾರಾಯ?"

ನಾನು ಸಾಬೂನಿನ ಕಾರ್ಖಾನೆಯಲ್ಲಿ ಎಂಟು ತಿಂಗಳು ಇದ್ದದ್ದು ನಿಜ. ಬಾಗಿಲು ಕಾಯುತ್ತಿದ್ದೆ. ಹಾಗೆಂದು ಹೇಳಲು ಬಾಯಿ ತೆರೆಯುವಷ್ಟರಲ್ಲಿ ಅಕ್ಕ ಸಾರು ಬಡಿಸುತ್ತ, "ತಮ್ಮ ಸಾಬೂನ್ ಮಾಡುಕೆ ಕಲ್ತ್ ಬಂದಿದ್ದ" ಎಂದುಬಿಟ್ಟಳು.

ಭಾವ ನನ್ನನ್ನೊಮ್ಮೆ, ನನ್ನ ಮಸಿ ಮೆತ್ತಿದ ಅಂಗಿಯನ್ನೊಮ್ಮೆ ನೋಡಿದರು. "ಹಾಂಗಾರೆ ಆಯ್ತ್. ದೀಪಾವಳಿ ಒಳಗೆ ಬಟ್ಟಿ ಒಗೆವಂಥ ಒಂದ್ ಸಾಬೂನ್ ಮಾಡಿ ತೋರ್ಸ್. ತೋರ್ಸಿದ್ರೆ ಕೊಟ್ಟಿಗೆ ಬದಿಯ ಜಗಲಿ ನಿಂಗೆ, ಅಲ್ಲೇ ಸಾಬೂನ್ ಮಾಡ್ಕಂಡ್ ಇರ್. ಇಲ್ದಿದ್ರೆ ಎಲ್ಲಿಂದ ಬಂದ್ಯೋ ಅಲ್ಲಿಗೇ."

ನನಗೆ ಹೋಗುವುದೇನೂ ಹೊಸತಲ್ಲ. ಆದರೆ ಊಟವಾದ ಮೇಲೆ ಅಕ್ಕ ಹಿತ್ತಲಿಗೆ ಬಂದು, "ಒಂದೇ ಒಂದ್ ಸಾಬೂನ್ ಅಲ್ದಾ ಮಾಣಿ? ಮಾಡಿ ಕೊಡ್. ನೀ ಇಲ್ಲೇ ಇಪ್ಪುದಾರೆ ನಂಗೊಂದ್ ಜನ ಆತ್ತ್" ಎಂದಳು. ಅಷ್ಟು ದೊಡ್ಡ ಮನೆಯಲ್ಲಿ ಅವಳ ಕಡೆಯವರು ಎಂದು ಯಾರೂ ಇರಲಿಲ್ಲ. ಹಾಗಾಗಿ ನಾನು ಸಾಬೂನು ಮಾಡಲು ಒಪ್ಪಿದೆ.

೧. ಸಾಬೂನಿನ ಬೀಜ

ಬೊಂಬಾಯಿಯಲ್ಲಿ ಸಾಬೂನಿಗೆ ಕಾಸ್ಟಿಕ್ ಸೋಡ ಹಾಕುತ್ತಿದ್ದರು. ಅದು ಲಡಾಯಿಗೆ ಹೋಗಿತ್ತು. ಕಾರ್ಖಾನೆಯ ಮುದುಕನೊಬ್ಬ ಬೀಡಿ ಸೇದುತ್ತ ಹೇಳಿದ್ದು ನೆನಪಿತ್ತು. ಸೋಡ ಇಲ್ಲದಿದ್ದರೆ ಒಲೆಯ ಬೂದಿ ಸಾಕು. ಬೂದಿಯ ಮೇಲೆ ನೀರು ಹೊಯ್ದು, ಕೆಳಗೆ ಇಳಿದ ಕಂದು ನೀರನ್ನು ಕಾಯಿಸಿ ಗಟ್ಟಿ ಮಾಡಬೇಕು. ಅದರಲ್ಲಿ ಕೋಳಿಮೊಟ್ಟೆ ಬಿಡಬೇಕು. ಮೊಟ್ಟೆ ತೇಲಿದರೆ ನೀರು ಹದ, ಮುಳುಗಿದರೆ ಇನ್ನೂ ಕಾಯಬೇಕು.

ಬೂದಿಗೆ ಬರವಿರಲಿಲ್ಲ. ಬಚ್ಚಲೊಲೆಗೆ ದಿನಾ ತೆಂಗಿನ ಮಡಲು ಉರಿಯುತ್ತಿತ್ತು. ಬರ ಇದ್ದದ್ದು ಮೊಟ್ಟೆಗೆ. ಪುರೋಹಿತರ ಮನೆಗೆ ಮೊಟ್ಟೆ ತರುವುದೆಂದರೆ ಠಾಣೆಯೊಳಗೆ ಕದ್ದ ಮಾಲು ತಂದ ಹಾಗೆ. ಗದ್ದೆ ಆಚೆಯ ಮನೆಯಿಂದ ಒಂದು ಬೇಡಿ, ತಲೆಗೆ ಸುತ್ತಿದ ಬೈರಾಸಿನೊಳಗೆ ಇಟ್ಟುಕೊಂಡು ಬಂದೆ. ದಾರಿಯಲ್ಲಿ ಭಾವ ಎದುರಾದರು. ಬೈರಾಸು ತೆಗೆದು ಮರ್ಯಾದೆ ಕೊಡುವ ಹಾಗಿಲ್ಲ, ಕೊಡದಿರುವ ಹಾಗಿಲ್ಲ. ತಲೆ ಅಲ್ಲಾಡಿಸದೆ ಮೊಣಕಾಲು ಬಗ್ಗಿಸಿ ಒಂಥರಾ ನಮಸ್ಕಾರ ಮಾಡಿದೆ. "ಕುತ್ತಿಗಿ ಹಿಡ್ಕಂಡಿತ್ತಾ?" ಎಂದು ಕೇಳಿ ಅವರು ಹೋದರು.

ಮೊಟ್ಟೆ ತೇಲಿತು. ಆ ಸಂತೋಷದಲ್ಲಿ ನಾನು ಅದನ್ನು ಹೊರಗೆ ತೆಗೆಯುವುದನ್ನೇ ಮರೆತು ಎಣ್ಣೆ ಕೇಳಲು ಒಳಗೆ ಹೋದೆ. ತಿರುಗಿ ಬಂದರೆ ಭಾವನ ತಾಯಿ, ಎಂಬತ್ತರ ಮುದುಕಿ, ಪಾತ್ರೆಗೆ ಬಗ್ಗಿ ನಿಂತಿದ್ದಾರೆ.

"ಇದೆಂತದ್ ಮಾಣಿ ತೇಲುದ್?"

ಬೂದಿನೀರಿನಲ್ಲಿ ನೆನೆದು ಮೊಟ್ಟೆ ಕಂದಾಗಿತ್ತು. ನನ್ನ ಬಾಯಿಗೆ ಬಂದದ್ದು ಒಂದೇ ಮಾತು. "ಅದ್ ಸಾಬೂನಿನ ಬೀಜ ಅತ್ತೆ. ಬೊಂಬಾಯಿಯಿಂದ ತಂದದ್ದ್."

"ಬೀಜವಾ? ಹಾಂಗಾರೆ ನೀರಂಗೆ ಎಂತಕೆ ಕೊಳೆಸ್ತೆ?" ಎಂದವರೇ ಸೌಟಿನಲ್ಲಿ ಅದನ್ನು ಎತ್ತಿಕೊಂಡು, ತೊಂಡೆಚಪ್ಪರದ ಕೆಳಗೆ ಗುಂಡಿ ತೋಡಿ, ನೆಟ್ಟು, ಒಂದು ಚೆಂಬು ನೀರು ಹೊಯ್ದು ಬಂದರು. ಮುಂದೆ ಎಂಟು ದಿನ ದಿನಕ್ಕೆರಡು ಸಲ ನೀರು. ಭಾವ ಕೇಳಿದರೆ, "ಸಾಬೂನಿನ ಗಿಡ ಮಾಡ್ತಿದ್ದೆ" ಎನ್ನುತ್ತಿದ್ದರು. ಭಾವ ನನ್ನ ಕಡೆ ನೋಡುತ್ತಿದ್ದರು. ನಾನು ತೆಂಗಿನ ಮರದ ಕಡೆ ನೋಡುತ್ತಿದ್ದೆ.

ಒಂಬತ್ತನೆಯ ದಿನ ನಾಯಿ ಅದನ್ನು ಕೆದಕಿ ತಿಂದಿತು. ಅವತ್ತು ಮುದುಕಿ ನನ್ನನ್ನು ಬಾವಿಕಟ್ಟೆಗೆ ಕರೆದರು. ಸುತ್ತ ಯಾರೂ ಇಲ್ಲವೆಂದು ನೋಡಿಕೊಂಡು ಹೇಳಿದರು.

"ಎಂಬತ್ತ್ ವರ್ಷ ಕಣ್ಣ್ ಮುಚ್ಕಂಡ್ ಬದ್ಕಿದ್ದಲ್ಲ ಮಾಣಿ. ಮಗ ಕಂಡ್ರೆ ನಿನ್ನ್ ಓಡ್ಸ್ತಿದ್ದ, ಅದ್ಕೇ ಹೂತ್ ಹಾಕಿದ್ದ್. ಇನ್ನೊಂದ್ಸಲ ಬೀಜ ತರುದಾರೆ ಬೇಯ್ಸಿದ್ದ್ ತಾ. ನಾಯಿಯ ಹೊಟ್ಟಿಗಾರೂ ಹಿತ ಆತ್ತ್."

ಮೊಟ್ಟೆ ಹೋದರೂ ಬೂದಿನೀರು ಉಳಿದಿತ್ತು. ಅಕ್ಕ ಅಡುಗೆಯದ್ದರಲ್ಲಿ ಕದ್ದುಕೊಟ್ಟ ಒಂದು ಚೆಂಬು ತೆಂಗಿನೆಣ್ಣೆ ಹಾಕಿ ಮಗುಚಿದೆ. ಆದದ್ದು ಸಾಬೂನಲ್ಲ, ಅಂಬಲಿ. ಕೈಯಲ್ಲಿ ಹಿಡಿದರೆ ಬೆರಳ ಸಂದಿಯಿಂದ ಇಳಿಯುತ್ತಿತ್ತು.

೨. ನೊರೆ ಕಾಪಿ

ಇನ್ನೊಂದು ಚೆಂಬು ಎಣ್ಣೆ ಕೇಳಿದರೆ ಭಾವ ಭರಣಿಯ ಮುಚ್ಚಳದ ಮೇಲೆ ಕಲ್ಲು ಹೇರಿದರು. ಎಣ್ಣೆ ಸಂಪಾದಿಸಲು ನಾನು ಕುಂದಾಪುರದ ಬಸ್‌ಸ್ಟ್ಯಾಂಡಿನ ಹತ್ತಿರದ ಒಂದು ಹೋಟೆಲಿಗೆ ಹೋಗಿ ಪಾತ್ರೆ ತೊಳೆಯುವ ಕೆಲಸಕ್ಕೆ ನಿಂತೆ. ಅಲ್ಲಿಯೂ ಸಾಬೂನು ಇರಲಿಲ್ಲ. ಲೋಟಗಳ ಜಿಡ್ಡು ನೋಡಿದರೆ ಯಾರು ಯಾವಾಗ ಕುಡಿದರೆಂದು ಕಣಿ ಹೇಳಬಹುದಿತ್ತು.

ನಾನು ಯಜಮಾನರಿಗೆ ಧೈರ್ಯ ಹೇಳಿದೆ. ಅಂಟುವಾಳಕಾಯಿ ತಂದು, ಬೀಜ ಬಿಡಿಸಿ, ಸಿಪ್ಪೆ ಬೇಯಿಸಿದೆ. ಕಂದು ಬಣ್ಣದ ನೀರು, ಅಲ್ಲಾಡಿಸಿದರೆ ಮೊಳ ನೊರೆ. ಲೋಟಗಳು ಫಳಫಳ. ಯಜಮಾನರು ಲೋಟದಲ್ಲಿ ಮುಖ ನೋಡಿಕೊಂಡು ಮೀಸೆ ತೀಡಿದರು.

ತಪ್ಪು ನಡೆದದ್ದು ಜಾಗದಲ್ಲಿ. ನಾನು ಆ ನೀರನ್ನು ಆರಲೆಂದು ಇಟ್ಟದ್ದು ಒಲೆಯ ಎಡಗಡೆ. ಕಾಪಿಯ ಡಿಕಾಕ್ಷನ್ ಇರುತ್ತಿದ್ದದ್ದೂ ಒಲೆಯ ಎಡಗಡೆ. ಕಾಪಿ ಮಾಡುವ ಅಡುಗೆಭಟ್ಟ ಹೊರಗೆ ಯಾರೊಂದಿಗೋ ಮಾತಾಡುತ್ತ ಕೈ ಮಾತ್ರ ಒಳಗೆ ಚಾಚುವವ. ಅವ ಅದಕ್ಕೇ ಹಾಲು ಬೆಲ್ಲ ಬೆರೆಸಿ, ಮೇಲಿಂದ ಕೆಳಕ್ಕೆ ಎತ್ತಿ ಹೊಯ್ದು, ಎಂಟು ಜನಕ್ಕೆ ಕೊಟ್ಟ.

ನಾನು ಕಂಡದ್ದು ಎಂಟನೆಯವರು ಲೋಟ ಕೆಳಗಿಡುವಾಗ. ಬಾಗಿಲ ಮರೆಗೆ ಸರಿದೆ. ಆದರೆ ಯಾರೂ ಒಂದು ಮಾತು ಆಡಲಿಲ್ಲ. ಆ ಕಾಲದ ಕಾಪಿಪುಡಿಯಲ್ಲಿ ಹುರಿದ ಹುಣಸೆಬೀಜ, ಹುರಿದ ಅಕ್ಕಿ, ಮತ್ತೆ ಏನೇನೋ ಇರುತ್ತಿತ್ತು. ಕಹಿಗೆ ಜನ ಹೊಂದಿಕೊಂಡಿದ್ದರು. ಅಷ್ಟೇ ಅಲ್ಲ, ಒಬ್ಬರು ತುಟಿಯ ನೊರೆ ಒರೆಸಿಕೊಂಡು, "ಲಡಾಯಿ ಸುರುವಾದ ಮೇಲೆ ಇಷ್ಟ್ ನೊರಿ ಕಂಡದ್ದೇ ಇಲ್ಲೆ. ಹಾಲ್ ಸಮಾ ಹಾಕಿದ್ರಿ" ಎಂದು ಯಜಮಾನರನ್ನು ಹೊಗಳಿದರು.

ಮರುದಿನ ಬೆಳಿಗ್ಗೆ ಅವರಲ್ಲೊಬ್ಬರು, ಒಬ್ಬ ವಕೀಲರ ಗುಮಾಸ್ತ, ಬಾಗಿಲು ತೆರೆಯುವ ಮೊದಲೇ ಬಂದು ನಿಂತಿದ್ದರು. ನಾನು ಹಿಂದಿನ ಬಾಗಿಲಿನ ಹತ್ತಿರ ಹೋಗಿ ಓಡಲು ತಯಾರಾದೆ.

"ಹ್ವಾಯ್ ಯಜಮಾನ್ರೆ, ನಿನ್ನಿ ಕಾಪಿ ಇತ್ತಾ?"

"ಎಂತಕೆ?"

"ಐದ್ ದಿನದಿಂದ ಕಟ್ಕಂಡ್ ಕೂತ ಹೊಟ್ಟಿ, ನಿನ್ನೆ ಗುಡಿಸಿ ಸಾರ್ಸಿದಂಗೆ ಆಯ್ತ್!"

ಯಜಮಾನರು ಒಳಗೆ ಬಂದರು. ಅಡುಗೆಭಟ್ಟನನ್ನು ಕೇಳಿದರು, ನನ್ನನ್ನು ಕೇಳಿದರು, ಪಾತ್ರೆಯೊಳಗೆ ಮೂಗಿಟ್ಟು ನೋಡಿದರು. ಬೈಗುಳಕ್ಕೆ ನಾನು ತಲೆ ಬಗ್ಗಿಸಿದೆ. ಅವರು ನನ್ನ ಹೆಗಲ ಮೇಲೆ ಕೈಯಿಟ್ಟು ಮೆಲ್ಲಗೆ ಹೇಳಿದರು.

"ನಾಳೆಯಿಂದ ಎರಡ್ ಪಾತ್ರೆ ಬೇಯ್ಸ್ ಮಾರಾಯ. ಒಂದ್ ಲೋಟ ತೊಳುಕೆ, ಒಂದ್ ಹೊಟ್ಟಿ ತೊಳುಕೆ."

೩. ಚಿನ್ನ ತೊಳೆದದ್ದು

ಇದು ಸಣ್ಣದು. ಹೋಟೆಲಿನ ಸಂಬಳ ಎಣ್ಣೆಗೆ ಸಾಲದೆ, ಆ ಕೆಲಸ ಬಿಟ್ಟು ಮನೆಗೆ ಬಂದ ಮೇಲೆ ಅಕ್ಕ, "ಸಾಬೂನ್ ಆಪಲ್ಲಿವರೆಗೆ ಹಿತ್ತಾಳಿ ಬೆಳಗುವ ಹುಡಿಯಾರೂ ಮಾಡ್. ನಾಲ್ಕ್ ಜನ ಲಾಯ್ಕಿತ್ತ್ ಅಂದ್ರೆ ನಿನ್ನ್ ಭಾವ ಒಂಚೂರ್ ಮೆತ್ತಗ್ ಆತ್ರ್" ಎಂದಳು. ಬಿಂಬುಳಿ ಎಂಬ ಹುಳಿಕಾಯಿಯನ್ನು ಒಣಗಿಸಿ, ಜರಡಿ ಹಿಡಿದ ಬೂದಿ, ಭತ್ತದ ಉಮಿ ಸುಟ್ಟ ಕರಿ ಸೇರಿಸಿ ಒಂದು ಹುಡಿ ಮಾಡಿದೆ. ಅದು ನನ್ನ ಬಾಳಿನ ಮೊದಲ ಗೆಲುವು. ಅಕ್ಕನ ಹಂಡೆ ನೋಡಿ ನೆರೆಯವರು ಹೊಸತೆಂದುಕೊಂಡರು.

ಸುದ್ದಿ ಬೈಂದೂರಿನ ಕಡೆಗೂ ಹೋಯಿತು. ಅಲ್ಲಿಯ ಒಂದು ದೊಡ್ಡ ಜಮೀನ್ದಾರರ ಮನೆಯಿಂದ ಕರೆ ಬಂತು. ಹುಡಿಯ ಪೊಟ್ಟಣ ಹಿಡಿದುಕೊಂಡು ಹೋದೆ. ಯಜಮಾನರ ಹೆಂಡತಿ ಹಿತ್ತಾಳೆಯ ದೀಪ ಉಜ್ಜಿ ನೋಡಿದರು, ತಂಬಿಗೆ ಉಜ್ಜಿ ನೋಡಿದರು, ಖುಷಿಯಾಗಿ ಸೊಂಟದ ಚಿನ್ನದ ಡಾಬನ್ನೇ ಬಿಚ್ಚಿ ಕೊಟ್ಟರು. "ಇದನ್ನೂ ಒಂಚೂರ್ ಉಜ್ಜಿ ಕೊಡ್."

ಉಜ್ಜಿದೆ. ಮೊದಲು ಬೆವರಿನ ಕೊಳೆ ಹೋಯಿತು. ಆಮೇಲೆ ಬಣ್ಣ ಹೋಯಿತು. ಆಮೇಲೆ ಚಿನ್ನ ಹೋಯಿತು. ಕೈಯಲ್ಲಿ ಉಳಿದದ್ದು ಒಳ್ಳೆಯ ಹಿತ್ತಾಳೆ. ಅದೂ ಫಳಫಳ ಹೊಳೆಯುತ್ತಿತ್ತು, ಅದಕ್ಕೆ ಮಾತ್ರ ನನ್ನ ಹುಡಿಯನ್ನು ಮೆಚ್ಚಬೇಕು.

ಆ ತಾಯಿ ಗಂಡನನ್ನು ಕರೆದ ಸ್ವರಕ್ಕೆ ಗದ್ದೆಯ ಕೊಕ್ಕರೆ ಎದ್ದವು. ಯಜಮಾನರು ಬಂದರು, ಡಾಬು ನೋಡಿದರು, ಹೆಂಡತಿಯನ್ನು ನೋಡಿದರು, ಬೆವತರು. ಆಮೇಲೆ ನನ್ನತ್ತ ತಿರುಗಿ ಗುಡುಗಿದರು. "ಪಾಪಿ! ಎಂತ ಹುಡಿ ಹಾಕಿದ್ಯಾ? ಅಪ್ಪಟ ಚಿನ್ನ ಹಿತ್ತಾಳಿ ಆಯ್ತಲ್ಲ!" ಗುಡುಗುವಾಗ ಹೆಂಡತಿಗೆ ಕಾಣದ ಹಾಗೆ ನನಗೆ ಎರಡೂ ಕೈ ಜೋಡಿಸಿದ್ದರು.

ಗಂಡಹೆಂಡಿರ ನಡುವೆ ನಾನ್ಯಾಕೆ? "ತಪ್ಪಾಯ್ತ್, ಹುಡಿ ಖಾರ ಆಯ್ತ್" ಎಂದು ಒಪ್ಪಿಕೊಂಡು ಬಂದೆ. ಆಮೇಲೆ ಬೈಂದೂರಿನಿಂದ ಬ್ರಹ್ಮಾವರದವರೆಗೆ ಯಾರೂ ಆ ಹುಡಿ ಮುಟ್ಟಲಿಲ್ಲ. ಹಿತ್ತಾಳೆಯನ್ನು ಚಿನ್ನ ಮಾಡಲು ಹೊರಟು ಮನೆಮಠ ಕಳೆದುಕೊಂಡವರು ಬಹಳ ಮಂದಿ ಇದ್ದಾರೆ. ಚಿನ್ನವನ್ನು ಹಿತ್ತಾಳೆ ಮಾಡಿ ಹೆಸರು ಕಳೆದುಕೊಂಡವನು ನಾನೊಬ್ಬನೇ.

೪. ಹಾಜರಿ ಪುಸ್ತಕದಲ್ಲಿಲ್ಲದವರು

ನವರಾತ್ರಿ ಹತ್ತಿರ ಬಂತು. ಅಕ್ಕ ದಿನ ಎಣಿಸತೊಡಗಿದಳು. ನನಗೆ ಬೇಕಾದದ್ದು ಎಣ್ಣೆ, ಭಾವನ ಭರಣಿಯ ಮೇಲಿನ ಕಲ್ಲು ಹಾಗೇ ಇತ್ತು. ಆಗ ನೆನಪಾದದ್ದು ಹಂಗಾರಕಟ್ಟೆ. ಅಲ್ಲಿ ದೋಣಿ ಕಟ್ಟುವಲ್ಲಿ ಬೂತಾಯಿ ಮೀನಿನ ಎಣ್ಣೆ ಡಬ್ಬಿ ಡಬ್ಬಿ ಇರುತ್ತದೆ. ಹಲಗೆ ನೀರು ಕುಡಿಯಬಾರದೆಂದು ದೋಣಿಗೆ ಬಳಿಯುತ್ತಾರೆ. ದೋಣಿ ಕಟ್ಟುವ ಮೇಸ್ತ್ರಿ ನಾನು ಕೇಳಿದ್ದಕ್ಕೆ, "ಎರಡ್ ಡಬ್ಬಿ ತಕಂಡ್ ಹೋಗ್. ಆದ್ರೆ ಇಲ್ಲಿಂದ ದೂರ ಕಾಯ್ಸ್" ಎಂದ. ಹೊಳೆ ಕಡಲು ಸೇರುವ ಅಳಿವೆಯ ಹತ್ತಿರ, ಗಾಳಿ ಸಮುದ್ರದ ಕಡೆ ಬೀಸುವ ಜಾಗ ನೋಡಿ ಒಲೆ ಹೂಡಿದೆ. ಬೂದಿನೀರು ಹೊಯ್ದೆ. ಮಗುಚಿದೆ.

ಈ ಸಲವೂ ಅಂಬಲಿಯೇ. ಆದರೆ ತುಸು ದಪ್ಪ ಅಂಬಲಿ. ಹಲಸಿನ ಎಲೆಯಲ್ಲಿ ಕಟ್ಟಿಕೊಡಬಹುದಿತ್ತು. ವಾಸನೆಗೆ ಲಾವಂಚದ ಬೇರು ಹಾಕಿದೆ. ನೆರಳಿನಲ್ಲಿ ಮೂಸಿದರೆ ಲಾವಂಚವೇ ಮುಂದೆ, ಮೀನು ಹಿಂದೆ.

ಅಲ್ಲಿಯ ಶಾಲೆಯ ಮಾಸ್ತರರು ಅದನ್ನು ಕಂಡು ಹಿಗ್ಗಿದರು. ಮರುದಿನ ಶಾಲೆಗೆ ಇನ್‌ಸ್ಪೆಕ್ಟರರು ಬರುವವರಿದ್ದರು, ಮಾಸ್ತರರ ಪಂಚೆ ಮೂರು ತಿಂಗಳಿಂದ ಸಾಬೂನು ಕಂಡಿರಲಿಲ್ಲ. "ಕೊಡಿ ಮಾರಾಯ್ರೆ, ನಿಮ್ ಹೆಸ್ರ್ ಹೇಳ್ಕಂಡ್ ಒಗೀತೆ" ಎಂದು ಪಂಚೆ, ಅಂಗಿ, ಶಾಲು ಮೂರನ್ನೂ ಒಗೆದರು. ಬೆಳ್ಳಗಾಯಿತು. ನಾನು ಅಕ್ಕನಿಗೆ ಹೇಳಿ ಕಳಿಸಲು ಸುದ್ದಿ ಜೋಡಿಸತೊಡಗಿದೆ.

ಲಾವಂಚಕ್ಕೆ ಬಿಸಿಲು ತಡೆಯುವ ತಾಕತ್ತಿಲ್ಲ ಎಂದು ಯಾರಿಗೆ ಗೊತ್ತಿತ್ತು? ಮರುದಿನ ಮಾಸ್ತರರು ಮನೆ ಬಿಟ್ಟಾಗ ಹಿಂದೆ ಒಂದು ಬೆಕ್ಕು. ತೋಡಿನ ಮೇಲಿನ ಸಂಕ ದಾಟುವಾಗ ಮೂರು. ಶಾಲೆಗೆ ಮುಟ್ಟುವಾಗ ಏಳು. ಮಾಸ್ತರರು ಕಲ್ಲು ಬೀಸಿದರು. ಬೆಕ್ಕುಗಳು ಕಲ್ಲನ್ನು ಮೂಸಿ ನೋಡಿ, ಮಾಸ್ತರರೇ ವಾಸಿ ಎಂದು ಹಿಂದೆಯೇ ಬಂದವು.

ಇನ್‌ಸ್ಪೆಕ್ಟರರು ಹಾಜರಿ ಪುಸ್ತಕ ತೆರೆದರು. ನಾನು ಕಿಟಕಿಯ ಹೊರಗಿದ್ದೆ.

"ಹಾಜರಿ ಎಷ್ಟು?"

"ಇಪ್ಪತ್ತೆಂಟು ಸಾರ್."

"ಕೆಳಗೆ ಕೂತವರು ಜಾಸ್ತಿ ಕಾಣುತ್ತಾರಲ್ಲ?"

"ಉಳಿದ ಏಳು ಬೆಕ್ಕು ಸಾರ್."

ಇನ್‌ಸ್ಪೆಕ್ಟರರು ಕನ್ನಡಕ ಒರೆಸಿಕೊಂಡರು. ಏಳೂ ಬೆಕ್ಕುಗಳು ಸಾಲಾಗಿ ಕೂತು, ಕಣ್ಣು ಮಿಟುಕಿಸದೆ ಮಾಸ್ತರರನ್ನೇ ನೋಡುತ್ತಿದ್ದವು. ಮಕ್ಕಳು ಅವುಗಳನ್ನು ನೋಡುತ್ತಿದ್ದರು. ಇಡೀ ಕ್ಲಾಸಿನಲ್ಲಿ ಪಾಠದ ಕಡೆ ಅಷ್ಟು ಗಮನ ಕೊಟ್ಟವರು ಬೆಕ್ಕುಗಳೇ.

ಇನ್‌ಸ್ಪೆಕ್ಟರರು ಪುಸ್ತಕದಲ್ಲಿ ಬರೆದು ಹೋದರು: "ಶಾಲೆಯಲ್ಲಿ ಪ್ರಾಣಿದಯೆಯನ್ನು ಚೆನ್ನಾಗಿ ಕಲಿಸಲಾಗುತ್ತಿದೆ. ಮೀನು ಒಣಗಿಸುವುದನ್ನು ಮಾತ್ರ ಶಾಲೆಯ ಹೊರಗೆ ಮಾಡತಕ್ಕದ್ದು."

೫. ಭಾವನ ಜಲಯಾತ್ರೆ

ದೀಪಾವಳಿಗೆ ಆರು ದಿನ ಇತ್ತು. ನನ್ನ ಹತ್ತಿರ ಒಂದು ಡಬ್ಬಿ ಮೀನೆಣ್ಣೆಯ ಅಂಬಲಿ ಮಾತ್ರ ಉಳಿದಿತ್ತು. ಮೇಸ್ತ್ರಿ ಅದಕ್ಕೆ ಬೆರಳು ಅದ್ದಿ ನೋಡಿದ. ಬೆರಳು ಜಾರಿತು. ಇನ್ನೊಂದು ಬೆರಳಿನಿಂದ ಹಿಡಿಯಲು ಹೋದ. ಅದೂ ಜಾರಿತು.

"ಹ್ವಾಯ್, ಇದ್ ಬಟ್ಟಿಗಲ್ಲ ಮಾರಾಯ. ಇದ್ ದೋಣಿಗೆ!"

ಅಲ್ಲಿ ಒಬ್ಬ ಸಾಹುಕಾರರ ಹೊಸ ಮಚ್ವೆ, ಅಂದರೆ ಸರಕು ಸಾಗಿಸುವ ಹಾಯಿದೋಣಿ, ನೀರಿಗೆ ಇಳಿಯಲು ತಯಾರಾಗಿ ನಿಂತಿತ್ತು. ದಂಡೆಯಿಂದ ಹೊಳೆಯವರೆಗೆ ಇಳಿಜಾರಿಗೆ ಎರಡು ಸಾಲು ಮರದ ದಿಮ್ಮಿ ಹಾಸಿ, ಮೇಲೆ ಜಿಡ್ಡು ಸವರಿ, ನಲವತ್ತು ಜನ "ಐಲೇಸಾ" ಎಂದು ನೂಕಿದರೆ ಆ ದೋಣಿ ಒಂದು ಗೇಣು ಸರಿಯುತ್ತದೆ. ಬೆಳಿಗ್ಗೆ ಸುರು ಮಾಡಿದರೆ ಊಟದ ಹೊತ್ತಿಗೆ ನೀರು ಮುಟ್ಟಬೇಕು. ಜಿಡ್ಡಿನ ಬದಲು ನನ್ನ ಅಂಬಲಿ ಬಳಿಯೋಣ ಎಂದು ಮೇಸ್ತ್ರಿ ಹೇಳಿದ. ನಾಲ್ಕು ಕಡೆ ಸೋತವನಿಗೆ ಅಷ್ಟು ಮರ್ಯಾದೆ ಸಿಕ್ಕರೆ ಕೈ ನಿಲ್ಲುತ್ತದೆಯೇ? ಎರಡು ಸೌಟು ಸಾಕು ಎಂದದ್ದಕ್ಕೆ ಇಡೀ ಡಬ್ಬಿ ಬಳಿದೆ.

ಮುಹೂರ್ತ ಇಟ್ಟವರು ಯಾರು? ನಮ್ಮ ಭಾವ. ಸಾಹುಕಾರರ ಮನೆಯ ಪೂಜೆ ಪುನಸ್ಕಾರವೆಲ್ಲ ಅವರದೇ. ಗಾಡಿ ಕಟ್ಟಿಸಿಕೊಂಡು ಅಕ್ಕನನ್ನೂ ಊಟಕ್ಕೆ ಕರೆತಂದಿದ್ದರು. ನನ್ನನ್ನು ಕಂಡು, "ಸಾಬೂನ್ ಎಲ್ಲಿತ್ತ್?" ಎಂದರು. ನಾನು ದಿಮ್ಮಿಯ ಕಡೆ ಕೈ ತೋರಿಸಲಿಲ್ಲ.

ಮುಹೂರ್ತಕ್ಕೆ ಇನ್ನೂ ಮುಕ್ಕಾಲು ಗಂಟೆ ಇತ್ತು. ಮೊದಲು ಗಣಪತಿಗೆ ಒಂದು ಕಾಯಿ ಒಡೆಯಬೇಕು. ಭಾವ ಏಣಿ ಹತ್ತಿ, ಆರತಿ ತಟ್ಟೆ, ಗಂಟೆ, ಹೂವು ಹಿಡಿದು ದೋಣಿಯ ಮೂತಿಯ ಹತ್ತಿರ ನಿಂತರು. ನೂಕುವ ನಲವತ್ತು ಜನ ಮರದ ನೆರಳಿನಲ್ಲಿ ಎಲೆಅಡಿಕೆ ಹಾಕುತ್ತಿದ್ದರು. ದೋಣಿಗೆ ಹಗ್ಗ ಕಟ್ಟಿರಲಿಲ್ಲ. ಯಾಕೆ ಕಟ್ಟುತ್ತಾರೆ? ನಲವತ್ತು ಜನ ನೂಕಿದರೂ ಮಿಸುಕದ್ದು ತಾನಾಗಿ ಹೋದದ್ದು ಹಂಗಾರಕಟ್ಟೆಯಲ್ಲಿ ಯಾರೂ ಕಂಡಿರಲಿಲ್ಲ. ದೋಣಿ ಸರಿಯದಂತೆ ಇಟ್ಟಿದ್ದ ಬೆಣೆಗಳನ್ನೂ ಮೇಸ್ತ್ರಿ ಆಗಲೇ ಬಡಿದು ತೆಗೆದಿದ್ದ, ಆಮೇಲೆ ಗಡಿಬಿಡಿ ಬೇಡವೆಂದು.

ಭಾವ ಮಂತ್ರ ಹೇಳಿ, ಕಾಯಿ ಎತ್ತಿ, ದೋಣಿಯ ಮೂತಿಗೆ ಫಟ್ ಎಂದು ಹೊಡೆದರು.

ಅಷ್ಟೇ ಸಾಕಾಯಿತು.

ಮೊದಲು ಒಂದು ನಿಟ್ಟುಸಿರಿನಂಥ ಸದ್ದು. ಆಮೇಲೆ ಏಣಿ ಬಿತ್ತು. ಆಮೇಲೆ ಭಾವ ನಮ್ಮ ಎದುರಿನಿಂದ ಮೆಲ್ಲಗೆ, ಬಹಳ ಗಂಭೀರವಾಗಿ, ಕೈಯಲ್ಲಿ ಅರ್ಧ ಕಾಯಿ ಹಿಡಿದುಕೊಂಡು ಎಡದಿಂದ ಬಲಕ್ಕೆ ಹಾದುಹೋದರು. ಎಲೆಅಡಿಕೆ ಬಾಯಲ್ಲಿದ್ದವರು ಬಾಯಿ ಮುಚ್ಚಲು ಮರೆತರು. ಭಾವನ ಮುಖದಲ್ಲಿ ಮಾತ್ರ, ಮುಹೂರ್ತಕ್ಕೆ ಇನ್ನೂ ಹೊತ್ತಿದೆಯಲ್ಲ ಎಂಬ ಒಂದೇ ಆಕ್ಷೇಪ ಇತ್ತು. ಮಚ್ವೆ ಝರ್ರೆಂದು ಇಳಿದು, ಹೊಳೆ ಸೀಳಿ, ಇಳಿತದ ನೀರಿನಲ್ಲಿ ಅಳಿವೆಯ ಕಡೆ ಹೊರಟಿತು.

ಅಕ್ಕ ನನ್ನ ಕೈ ಹಿಡಿದು ಕೂಗಿದಳು. "ಅಯ್ಯೋ! ಅವ್ರಿಗೆ ಈಜುಕ್ ಬತ್ತಿಲ್ಲೆ ಮಾರಾಯ!"

"ದೋಣಿಗೆ ಬತ್ತ್ ಅಲ್ದಾ ಅಕ್ಕ" ಎಂದೆ. ಬೆನ್ನಿಗೆ ಒಂದು ಬಿತ್ತು.

ದೋಣಿಯ ಮೇಲೆ ಭಾವನಿಗೆ ಈಗ ಗಾಬರಿ ಹಿಡಿಯಿತು. ಕೂಗಿದರು, ಗಾಳಿ ಆ ಕಡೆ ಬೀಸುತ್ತಿತ್ತು, ನಮಗೆ ಕೇಳಲಿಲ್ಲ. ಕೈಯಲ್ಲಿದ್ದ ಗಂಟೆಯನ್ನು ಬಾರಿಸತೊಡಗಿದರು. ಅದು ಕೇಳಿಸಿತು. ದಂಡೆಯಲ್ಲಿದ್ದ ಜನಕ್ಕೆ ಗಂಟೆ ಕೇಳಿದರೆ ಆರತಿ ಎಂದೇ ಅಭ್ಯಾಸ. ಸಾಹುಕಾರರು ಮೊದಲು ಕೈ ಮುಗಿದರು. ನಲವತ್ತು ಜನವೂ ಎದ್ದು ಕೈ ಮುಗಿದರು. ಭಾವ ಇನ್ನೂ ಜೋರಾಗಿ ಬಾರಿಸಿದರು. ಹೆಂಗಸರು ಕೆನ್ನೆ ಬಡಿದುಕೊಂಡರು. ಭಾವ ಆರತಿ ತಟ್ಟೆ ಎತ್ತಿ ಬೀಸಿದರು. "ಮಂಗಳಾರತಿ ಆಯ್ತ್" ಎಂದು ಒಬ್ಬರು ಪ್ರಸಾದ ಹಂಚಲು ಸುರು ಮಾಡಿದರು. ಅವರನ್ನು ಬಿಡಿಸಬೇಕೆಂದು ತಿಳಿದವರು ಅಲ್ಲಿ ನಾನು, ಅಕ್ಕ ಇಬ್ಬರೇ. ನಾವು ಹೇಳಿದ್ದನ್ನು ಕೇಳುವವರಿರಲಿಲ್ಲ, ಎಲ್ಲರೂ ಪ್ರಸಾದಕ್ಕೆ ನಿಂತಿದ್ದರು.

ಕೊನೆಗೆ ಮೀನು ಹಿಡಿಯುವ ಇಬ್ಬರು ತಮ್ಮ ಸಣ್ಣ ದೋಣಿಯಲ್ಲಿ ಹೋಗಿ, ಮಚ್ವೆಯನ್ನು ದಂಡೆಯ ಮರಕ್ಕೆ ಕಟ್ಟಿ, ಭಾವನನ್ನು ಇಳಿಸಿಕೊಂಡು ಬಂದರು. ದಂಡೆ ಮುಟ್ಟಿ, ಗತ್ತಿನಿಂದ ಇಳಿದು, ಭಾವ ಕಾಲಿಟ್ಟದ್ದು ನೇರ ನನ್ನ ದಿಮ್ಮಿಯ ಮೇಲೆ. ಕುಕ್ಕರಿಸಿ, ಕೂತ ಭಂಗಿಯಲ್ಲೇ ಜಾರಿ ಹೊಳೆಯ ಕೆಸರಿಗೆ ಹೋಗಿ ಬಿದ್ದರು.

ನಾನು ಗಂಟು ಕಟ್ಟುವ ಯೋಚನೆ ಮಾಡಿದ್ದೆ. ಅಷ್ಟರಲ್ಲಿ ಸಾಹುಕಾರರು ಕೆಸರಿಗೇ ಇಳಿದು ಭಾವನ ಕಾಲಿಗೆ ಬಿದ್ದರು. "ನಲವತ್ತ್ ಜನ ಅರ್ಧ ದಿನ ಮಾಡ್ವ ಕೆಲ್ಸ, ಒಂದ್ ಕಾಯಂಗೆ ಮುಗ್ಸಿದ್ರಿ ಭಟ್ರೆ! ಎಂಥಾ ಮಂತ್ರ!" ಆ ಸಂಜೆಯೊಳಗೆ ಇನ್ನಿಬ್ಬರು ದೋಣಿಯವರು ಮುಹೂರ್ತ ಕೇಳಿಕೊಂಡು ಬಂದರು. ಭಾವ ದಿಮ್ಮಿ ಮೂಸಿ ನೋಡಿದ್ದರು, ವಿಷಯ ಅವರಿಗೆ ಗೊತ್ತಾಗಿತ್ತು. ಆದರೂ ಗಂಟಲು ಸರಿಮಾಡಿಕೊಂಡು, "ಎಲ್ಲ ಗಣಪತಿಯ ಇಚ್ಛೆ" ಎಂದರು.

ಮನೆಗೆ ಬಂದ ಮರುದಿನ ಬಾವಿಕಟ್ಟೆಯ ಹಗ್ಗದ ಮೇಲೆ ಭಾವನ ಪಂಚೆ ಒಣಗುತ್ತಿತ್ತು. ಹೊಳೆಯ ಕೆಸರು, ಮೀನೆಣ್ಣೆ, ಕುಂಕುಮ ಮೂರೂ ಮೆತ್ತಿದ್ದ ಪಂಚೆ. ಅದು ಈಗ ಬಕಪಕ್ಷಿಯ ಹಾಗೆ ಬೆಳ್ಳಗಿತ್ತು. ಒಗೆಯುವ ಕಲ್ಲಿನ ಮೇಲೆ ಅಂಗೈ ಅಗಲದ ಒಂದು ಹಸಿರು ಬಿಲ್ಲೆ. ಭಾವ ಅದನ್ನು ಎತ್ತಿಕೊಂಡರು. ಗಟ್ಟಿ. ಉಜ್ಜಿದರು. ನೊರೆ.

"ಇದ್ಯಾರ್ ಮಾಡದ್ದ್?"

ಅಕ್ಕ ಕೊಡ ಸೇದುತ್ತ ತಿರುಗಿ ನೋಡದೆ ಹೇಳಿದಳು. "ತಮ್ಮ."

ಭಾವ ನನ್ನನ್ನು ನೋಡಿದರು. ಆ ಮುಖದಲ್ಲಿ ಮೊದಲ ಸಲ ನನ್ನ ಬಗ್ಗೆ ಒಳ್ಳೆಯದೇನೋ ಕಾಣಿಸಿತು. "ಅಂತೂ ಮಾಡ್ದೆ ಮಾರಾಯ. ಮಾತಂದ್ರೆ ಮಾತ್. ಕೊಟ್ಟಿಗೆ ಬದಿಯ ಜಗಲಿ ನಿಂದೇ."

ಅಕ್ಕ ಹಗ್ಗ ಹಿಡಿದೇ ನಿಂತಿದ್ದಳು. ಒಂದು ಸಲ ಹೂಂ ಎಂದರೆ ಸಾಕಿತ್ತು. ಜಗಲಿ ನನ್ನದು, ಮೂರು ಹೊತ್ತು ಊಟ, ಅಕ್ಕನಿಗೂ ಒಂದು ಜನ. ಆದರೆ ಆ ಬಿಲ್ಲೆಯನ್ನು ನಾನು ಆವತ್ತೇ ಮೊದಲು ಕಂಡದ್ದು. ನಾಳೆ ಇನ್ನೊಂದು ಮಾಡು ಎಂದರೆ ನಾನು ಮಾಡುವುದು ಮತ್ತೆ ಅಂಬಲಿಯನ್ನೇ.

"ನಾ ಅಲ್ಲ ಭಾವ. ಅಕ್ಕ ಮಾಡದ್ದ್" ಎಂದೆ.

ಅಕ್ಕ ಕೊಡವನ್ನು ದಡಕ್ಕನೆ ಇಟ್ಟಳು. "ಇವ್ನ್ ಬಿಟ್ಟ್ ಹೋದ ಬೂದಿನೀರ್ ಇದ್ದಿತ್ತ್. ದೀಪಕ್ಕ್ ತೆಗ್ದಿಟ್ಟ ಹೊನ್ನೆಣ್ಣೆ ಇದ್ದಿತ್ತ್. ಬೇಯ್ಸ್ದೆ. ಮೆತ್ತಗಾಯ್ತ್. ನೋಡ್ದೆ, ಎಂತದೋ ಕಡ್ಮಿ ಕಂಡ್ತ್. ಎರಡ್ ಮುಷ್ಟಿ ಉಪ್ಪ್ ಹಾಕ್ದೆ. ಮೇಲೆ ತೇಲ್ತ್, ತೆಗ್ದ್ ಒಣಗ್ಸ್ದೆ. ಇದ್ರಂಗೆ ಎಂತ ಇತ್ತ್? ಉಪ್ಪ್ ಇಲ್ದೆ ಒಲೆ ಮೇಲೆ ಯಾವ್ದ್ ಸಮಾ ಆತ್ತ್?"

ಉಪ್ಪು! ನಾಲ್ಕು ತಿಂಗಳು, ಎರಡು ತಾಲೂಕು, ಒಂದು ಮೊಟ್ಟೆ, ಏಳು ಬೆಕ್ಕು, ಒಂದು ದೋಣಿ. ನನಗೆ ಅದು ಹೊಳೆದಿರಲಿಲ್ಲ.

ಭಾವ ಬಿಲ್ಲೆಯನ್ನು ಕೈಯಲ್ಲಿ ತೂಗಿದರು. ಹೆಂಡತಿಯನ್ನು ಹೊಸದಾಗಿ ಕಂಡವರ ಹಾಗೆ ನೋಡಿದರು. ಎಣ್ಣೆ ಭರಣಿಯ ಮೇಲಿನ ಕಲ್ಲನ್ನು ತಾವೇ ಇಳಿಸಿದರು. ಆಮೇಲೆ ಅವಳ ಹತ್ತಿರ ಹೋಗಿ, ಸ್ವರ ತಗ್ಗಿಸಿ, "ಇದ್ ಬಟ್ಟಿಗಾಯ್ತ್. ಬಪ್ಪ ವಾರ ಗಂಗೊಳ್ಳಿಯಂಗೆ ಒಂದ್ ದೋಣಿ ಇಳ್ಸುಕಿತ್ತ್. ಉಪ್ಪ್ ಇಲ್ದೆ ಇಪ್ಪುದ್ ಒಂದ್ ಡಬ್ಬಿ ಮಾಡ್ಕ್" ಎಂದರು.

ಕೊಟ್ಟಿಗೆ ಬದಿಯ ಜಗಲಿಯಲ್ಲಿ ಅಕ್ಕನ ಒಲೆ ಹೂಡಿದರು. ಮುದುಕಿ ಬೂದಿ ಜರಡಿ ಹಿಡಿಯಲು ಕೂತರು. ನೆರೆಮನೆಯ ಹೆಂಗಸರು ನೋಡಲು ಬಂದು ಅಲ್ಲೇ ಉಳಿದರು. ಅಕ್ಕನ ಸುತ್ತ ಈಗ ಐದಾರು ಜನ. ಅವಳ ಸ್ವರವೇ ಬೇರೆಯಾಗಿತ್ತು. "ನೀರ್ ಹನಿಸ್ ಹನಿಸ್, ಹೊಯ್ಬೇಡ!" ಎಂದು ಅತ್ತೆಗೇ ಜೋರು ಮಾಡುತ್ತಿದ್ದಳು.

ನಾನು ಒಳಗೆ ಹೋಗಿ ಜೋಳಿಗೆಗೆ ಎರಡು ಅಂಗಿ, ಒಂದು ಬೈರಾಸು ತುರುಕಿದೆ. ಅಕ್ಕ ಬಾಗಿಲಿಗೆ ಬಂದಳು. ಅಳುತ್ತಾಳೆ ಎಂದುಕೊಂಡೆ. ಕಣ್ಣು ಕೆಂಪಾಗಿತ್ತು, ಆದರೆ ಅದು ಒಲೆಯ ಹೊಗೆ ಎಂದು ಅವಳೇ ಹೇಳಿದಳು. ಬಾಳೆಲೆಯಲ್ಲಿ ಸುತ್ತಿದ ಎರಡು ಬಿಲ್ಲೆಗಳನ್ನು ನನ್ನ ಜೋಳಿಗೆಯ ತಳಕ್ಕೆ ಇಳಿಸಿದಳು.

"ಎಲ್ಲಿಗ್ ಹೋತೆ?"

"ಕಾಂಬ."

"ದಿನಾ ಮೀ. ಎಲ್ಲಿದ್ದ್ರೂ ಒಂದ್ ಕಾಗ್ದ ಹಾಕ್." ಜೋಳಿಗೆಯ ಬಾಯಿ ತಾನೇ ಬಿಗಿದು ಕಟ್ಟಿದಳು. ನಾನು ಮೆಟ್ಟಿಲಿಳಿಯುವಾಗ ಹಿಂದಿನಿಂದ ಕೂಗಿದಳು.

"ಹ್ವಾಯ್! ದಾರಿಯಂಗೆ ಯಾರಾರೂ ಸಾಬೂನ್ ಯಾರ್ ಮಾಡದ್ದ್ ಅಂದ್ ಕೇಂಡ್ರೆ ಮಾತ್ರ ನಾನ್ ಮಾಡಿದ್ದ್ ಅನ್ಬೇಡ ಮಾರಾಯ. ಮತ್ತೆ ನನ್ನ್ ಸಾಬೂನ್ ಯಾರೂ ಮುಟ್ಟುದಿಲ್ಲೆ!"